ಮಗುವಿಗೆ ಕ್ಯಾನ್ಸರ್ ಚಿಕಿತ್ಸೆ: ಎರಡೂವರೆ ವರ್ಷ ನೆಂಟರು ಏನು ಮಾಡಬೇಕು?

ಪ್ರಶ್ನೆ: ಮೇಡಂ, ನಮ್ಮದು ರಾಣೆಬೆನ್ನೂರು. ನನ್ನ ಅಕ್ಕನ ಮಗನಿಗೆ ನಾಲ್ಕು ವರ್ಷ. ಎರಡು ತಿಂಗಳ ಹಿಂದೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾಯಿತು. ರಿಪೋರ್ಟಿನಲ್ಲಿ ಎಎಲ್‌ಎಲ್ ಎಂದು ಬರೆದಿದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಅಕ್ಕ ಮಗುವಿನ ಜೊತೆ ಅಲ್ಲೇ ಧರ್ಮಶಾಲೆಯಲ್ಲಿದ್ದಾಳೆ. ಭಾವನಿಗೆ ಬೀಜದ ಅಂಗಡಿ ಇದೆ, ಬಿಟ್ಟಿರಲು ಆಗುವುದಿಲ್ಲ, ವಾರಕ್ಕೊಮ್ಮೆ ಹೋಗಿ ಬರುತ್ತಾರೆ. ಅವರ ಎಂಟು ವರ್ಷದ ಮಗಳು ನಮ್ಮ ಮನೆಯಲ್ಲಿದ್ದಾಳೆ. ಮೊದಲ ಕೋರ್ಸ್ ಮುಗಿದಿದೆ, ಈಗ ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಆದರೂ ಎರಡು ವರ್ಷಕ್ಕಿಂತ ಜಾಸ್ತಿ ಚಿಕಿತ್ಸೆ ಬೇಕಂತೆ. ಯಾಕೆ? ಅಕ್ಕ ಫೋನಿನಲ್ಲಿ ಹೂಂ, ಉಹೂಂ ಬಿಟ್ಟರೆ ಮಾತಾಡುವುದಿಲ್ಲ. ಅವಳಿಗೆ ಏನು ಹೇಳಬೇಕು, ನಾವು ಏನು ಮಾಡಬೇಕು? ನನ್ನದೂ ಮಗುವಿನದೂ ಒಂದೇ ರಕ್ತದ ಗುಂಪು, ನಾನು ರಕ್ತ ಕೊಡಲಾ? ದೀಪಾವಳಿಗೆ ನಾಲ್ಕು ದಿನ ಊರಿಗೆ ಕರೆಸಬಹುದಾ?

ಉತ್ತರ: ಎರಡು ವರ್ಷ ಯಾಕೆ ಎಂದು ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಇದೊಂದು ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕ ಹಾಗೆ. ನಾನು ಡಾಕ್ಟರ್ ಅಲ್ಲ. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಮನೆಯವರ ಜೊತೆ ಮಾತಾಡುವುದು, ಅವರ ದುಡ್ಡು, ಕಾಗದಪತ್ರ, ಊಟ, ವಸತಿಯ ತಾಪತ್ರಯ ನೋಡುವುದು ನನ್ನ ಕೆಲಸ. ಔಷಧಿಯ ವಿಷಯದಲ್ಲಿ ನಿಮ್ಮ ಮಗುವಿನ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು.

ಎಎಲ್‌ಎಲ್ ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ರಕ್ತದ ಬಿಳಿ ಕಣಗಳ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಈ ಎಎಲ್‌ಎಲ್. ಅದರಲ್ಲೂ ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಜಾಸ್ತಿ. ಚಿಕಿತ್ಸೆಯ ಮೊದಲ ಹಂತ ಸುಮಾರು ನಾಲ್ಕೈದು ವಾರದ್ದು. ಅದು ಮುಗಿದ ಮೇಲೆ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದರೆ ಹೆಚ್ಚಿನ ಮಕ್ಕಳಲ್ಲಿ ಮೈಕ್ರೋಸ್ಕೋಪಿಗೆ ಕಾಯಿಲೆ ಕಾಣುವುದಿಲ್ಲ. ಡಾಕ್ಟರುಗಳು ಇದನ್ನೇ ರೆಮಿಷನ್ ಅನ್ನುವುದು. ಕಾಣುವುದಿಲ್ಲ ಅಷ್ಟೇ, ಪೂರ್ತಿ ಹೋಗಿರುವುದಿಲ್ಲ. ಆಗಲೂ ದೇಹದಲ್ಲಿ ಕೋಟಿಗಟ್ಟಲೆ ಕ್ಯಾನ್ಸರ್ ಕಣ ಉಳಿದಿರಬಹುದು. ಈಗ ನಿಲ್ಲಿಸಿದರೆ ಅವು ಮತ್ತೆ ಬೆಳೆಯುತ್ತವೆ. ಮರಳಿ ಬಂದ ಕಾಯಿಲೆ ಮೊದಲಿನದಕ್ಕಿಂತ ಹಟಮಾರಿ. ಅದಕ್ಕೇ ಇನ್ನೂ ಆರೇಳು ತಿಂಗಳು ಜೋರು ಕೀಮೊ, ಬೆನ್ನಿನ ಇಂಜೆಕ್ಷನ್. ಅದಾದ ಮೇಲೆ ಒಂದೂವರೆ, ಎರಡು ವರ್ಷ ಮೇಂಟೆನೆನ್ಸ್. ಈ ಹಂತದಲ್ಲಿ ಮಗು ಹೆಚ್ಚಿನ ದಿನ ಮನೆಯಲ್ಲೇ ಇರುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಾ, ಆಗಾಗ ಆಸ್ಪತ್ರೆಗೆ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗುತ್ತದೆ.

ಈಗ ಬೇಸರದ ಒಂದು ಮಾತು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ 30 ಮಂದಿಯೂ ಉಳಿಯುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಯಿಲೆ ತಡವಾಗಿ ಗೊತ್ತಾಗುವುದು, ಸೋಂಕು, ಔಷಧಿ ಸಿಗದಿರುವುದು ಹೀಗೆ ಕಾರಣ ಹಲವು. ಅದರಲ್ಲಿ ದೊಡ್ಡದೊಂದು, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಹೋಗುವುದು. ಯಾರೂ ಮಗುವಿನ ಮೇಲೆ ಪ್ರೀತಿ ಇಲ್ಲದೆ ಬಿಡುವುದಿಲ್ಲ. ದುಡ್ಡು ಮುಗಿಯುತ್ತದೆ. ಊರಲ್ಲಿ ಇನ್ನೊಂದು ಮಗು ಇರುತ್ತದೆ. ಹೊಲ, ಅಂಗಡಿ ಕರೆಯುತ್ತದೆ. "ಆರಾಮ ಆಗ್ಯಾನಲ್ಲ, ಇನ್ಯಾಕೆ ಆ ಸೂಜಿ?" ಎಂದು ಹಿರಿಯರೊಬ್ಬರು ಅನ್ನುತ್ತಾರೆ. ಕ್ಯಾನ್ಸರ್ ಕಾಣುತ್ತಿಲ್ಲ ಎಂದ ಮೇಲೆಯೇ ಈ ಮಾತು ಏಳುವುದು. ಅಂದರೆ ನೀವು ಈಗ ಇರುವ ಜಾಗ. ಮೇಂಟೆನೆನ್ಸ್ ಶುರುವಾಗಿ ಕೂದಲು ಬಂದು, ಮಗು ಶಾಲೆಗೆ ಹೊರಟಾಗ ಇನ್ನೊಮ್ಮೆ ಏಳುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ತಿಂಗಳು ಎಲ್ಲರೂ ಬರುತ್ತಾರೆ. ಹಣ್ಣು, ಆಟಿಕೆ, ಅಳು, ಎಲ್ಲ ಬರುತ್ತದೆ. ಎಂಟನೇ ತಿಂಗಳಲ್ಲಿ ಫೋನ್ ಮಾಡುವವರೂ ಇರುವುದಿಲ್ಲ. ನಿಮ್ಮ ಅಕ್ಕನಿಗೆ ಬೇಕಿರುವುದು ಎಂಟನೇ ತಿಂಗಳಲ್ಲೂ, ಇಪ್ಪತ್ತನೇ ತಿಂಗಳಲ್ಲೂ ಅಷ್ಟೇ ನಿಯತ್ತಾಗಿ ಬರುವ ಚಿಕ್ಕ ಸಹಾಯ. ಈಗ ದೊಡ್ಡದಾಗಿ ಮಾಡಿ ಸುಸ್ತಾಗಿ ಕೈಬಿಡಬೇಡಿ. ಮುಂದಿನ ವರ್ಷ ದೀಪಾವಳಿಗೂ ಮಾಡಲು ಆಗುವಷ್ಟನ್ನೇ ಒಪ್ಪಿಕೊಳ್ಳಿ.

ಅಕ್ಕ ಮಾತಾಡುವುದಿಲ್ಲ ಎಂದಿರಿ. ಮಾತಾಡಲು ಶಕ್ತಿ ಉಳಿದಿಲ್ಲ ಅನ್ನುವುದೇ ನಿಜ ಇರಬಹುದು. ಅವಳ ಒಂದು ರಾತ್ರಿಯನ್ನು ಹೇಳುತ್ತೇನೆ ಕೇಳಿ. ಈ ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಕೊಡುತ್ತಾರೆ. ಅದು ನಡೆಯುವ ವಾರಗಳಲ್ಲಿ ಮಕ್ಕಳಿಗೆ ವಿಪರೀತ ಹಸಿವು, ವಿಪರೀತ ಸಿಟ್ಟು. ರಾತ್ರಿ ಎರಡು ಗಂಟೆಗೆ ಎದ್ದು ಗಿರ್ಮಿಟ್ ಬೇಕು ಅನ್ನುತ್ತಾನೆ. ಅವಳು ಎದ್ದು ಚುರುಮುರಿಗೆ ಬಿಸಿ ಒಗ್ಗರಣೆ ಹಾಕಿ, ಸೋಂಕಿನ ಭಯಕ್ಕೆ ಹಸಿ ಈರುಳ್ಳಿ, ಟೊಮೆಟೊ ಹಾಕದೆ ಕಲಸಿ ತರುತ್ತಾಳೆ. "ಉಳ್ಳಾಗಡ್ಡಿ ಇಲ್ಲ, ಇದು ಗಿರ್ಮಿಟ್ ಅಲ್ಲ" ಎಂದು ತಟ್ಟೆ ತಳ್ಳುತ್ತಾನೆ. ಅಷ್ಟರಲ್ಲಿ ಪಕ್ಕದ ಮಗು ಏಳುತ್ತದೆ, ಆ ತಾಯಿ ಗೊಣಗುತ್ತಾಳೆ. ಬೆಳಗ್ಗೆ ಆರಕ್ಕೆ ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಲ್ಲಬೇಕು. ಒಂಬತ್ತಕ್ಕೆ ನೀವು ಫೋನ್ ಮಾಡಿ "ಹೇಗಿದ್ದಾನೆ?" ಅನ್ನುತ್ತೀರಿ. ಅವಳು ಹೂಂ ಅನ್ನುತ್ತಾಳೆ. ಇನ್ನೇನು ಹೇಳಲಿ ಪಾಪ? ಹಾಗೇ, ಈ ಹಟ ಔಷಧಿಯದ್ದು, ಮಗುವಿನ ಗುಣ ಕೆಟ್ಟಿಲ್ಲ. ಸ್ಟೀರಾಯ್ಡ್ ನಿಂತ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಊದಿದ ಮುಖವೂ ಇಳಿಯುತ್ತದೆ. ಇದನ್ನು ಅಜ್ಜ ಅಜ್ಜಿಗೂ ಹೇಳಿಡಿ. ಇಲ್ಲದಿದ್ದರೆ ವಿಡಿಯೋ ಕಾಲ್‌ನಲ್ಲಿ ನೋಡಿ "ದುಂಡಗಾಗ್ಯಾನ, ಚಲೋ ಆತು" ಎಂದು ಖುಷಿಪಡುತ್ತಾರೆ. ಅದು ಅಕ್ಕನಿಗೆ ಚುಚ್ಚುತ್ತದೆ.

"ಧೈರ್ಯ ತಗೋ", "ನೀನೇ ಹೀಗಾದರೆ ಮಗು ಏನಾಗಬೇಕು", "ದೇವರು ತಡೆಯೋ ಶಕ್ತಿ ಇರುವವರಿಗೇ ಕಷ್ಟ ಕೊಡೋದು" ಅನ್ನುವ ಮಾತು ಬೇಡ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುವವಳಿಗೆ ಅಳುವ ಬಾಗಿಲು ಮುಚ್ಚಿಹೋಗುತ್ತದೆ. "ಏನಾದರೂ ಬೇಕಾದರೆ ಹೇಳು" ಅನ್ನುವುದೂ ಬೇಡ. ಬೇಕಾದ್ದನ್ನು ಯೋಚಿಸಿ, ನಾಚಿಕೆ ಬಿಟ್ಟು ಕೇಳುವ ಕೆಲಸವನ್ನು ಮತ್ತೆ ಅವಳ ತಲೆಗೇ ಕಟ್ಟಿದ ಹಾಗಾಗುತ್ತದೆ. ಅದರ ಬದಲು ಹೀಗೆ ಹೇಳಿ: "ಅಕ್ಕಾ, ಶನಿವಾರ ರಾತ್ರಿ ಟ್ರೈನಿಗೆ ಹೊರಡುತ್ತೇನೆ. ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೂ ಪುಟ್ಟನ ಹತ್ತಿರ ನಾನಿರುತ್ತೇನೆ. ನೀನು ಸ್ನಾನ ಮಾಡಿ ಮಲಗು." ಮಾತು ಇಷ್ಟೇ ಸಾಕು. ತಿಂಗಳಿಗೆ ಎರಡು ಭಾನುವಾರ ಹೀಗೆ ಹೋಗಿ, ತಪ್ಪಿಸಬೇಡಿ. ನಿಮಗೆ ನೆಗಡಿ, ಕೆಮ್ಮು ಇದ್ದರೆ ಮಾತ್ರ ಹೋಗಬೇಡಿ. ನಿಮ್ಮ ಬದಲು ಇನ್ನೊಬ್ಬರನ್ನು ಕಳಿಸಿ.

ಮಲಗಲು ಸಮಯ ಸಿಕ್ಕರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಎರಡು ವಾರವಾದರೂ ಹಾಗೇ ಇದ್ದಾಳೆ ಅಂದರೆ ವಾರ್ಡಿನ ಕೌನ್ಸೆಲರ್‌ಗೆ ತಿಳಿಸಿ. ಬದುಕುವುದೇ ಬೇಡ ಅನ್ನುವಂಥ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ತಿಳಿಸಿ, ಅವಳನ್ನು ಒಬ್ಬಳೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಭಾವನನ್ನೂ ಮರೆಯಬೇಡಿ. ಗಂಡಸರು ಅಂಗಡಿಯಲ್ಲಿ ಕೂತು ನಗುತ್ತಾ ವ್ಯಾಪಾರ ಮಾಡುತ್ತಾರೆ, ರಾತ್ರಿ ಬಸ್ಸಿನಲ್ಲಿ ಅಳುತ್ತಾರೆ.

ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಇರುತ್ತದೆ, ಅದಕ್ಕೇ ಕೇಳುತ್ತಿದ್ದೇನೆ. ಯಾರಾದರೂ ನಿಮ್ಮ ಅಕ್ಕನ ಮೇಲೆ ತಪ್ಪು ಹೊರಿಸುತ್ತಿದ್ದಾರಾ? ಬಸುರಿಯಲ್ಲಿ ಗ್ರಹಣ ನೋಡಿದಳು, ಹರಕೆ ತೀರಿಸಲಿಲ್ಲ, ಅವಳ ಕಾಲ್ಗುಣ, ಅವಳ ತವರಿನ ರಕ್ತವೇ ಸರಿಯಿಲ್ಲ. ಇಂಥ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ತಾಯಿ ಒಳಗೇ ಕುಸಿಯುತ್ತಾಳೆ. ಎಎಲ್‌ಎಲ್ ತಂದೆತಾಯಿ ಮಾಡಿದ್ದರಿಂದಲೋ ಮಾಡದೆ ಬಿಟ್ಟದ್ದರಿಂದಲೋ ಬರುವುದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಬಹುಪಾಲು ಮಕ್ಕಳಲ್ಲಿ ಮನೆತನದಿಂದ ಬಂದದ್ದೂ ಅಲ್ಲ. ರಕ್ತದ ಕಣ ತಯಾರಾಗುವಾಗ ಒಂದು ಕಣದಲ್ಲಿ ಆದ ಏರುಪೇರು ಅದು. ಇದನ್ನು ನೀವು ಹೇಳಿದರೆ ತಂಗಿತಮ್ಮಂದಿರ ವಕಾಲತ್ತು ಅನ್ನುತ್ತಾರೆ. ಅದಕ್ಕೆ ಅವಳ ಅತ್ತೆಯನ್ನೇ ಒಂದು ಸಲ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂರಿಸಿ, "ಇದು ಯಾಕೆ ಬಂತು ಸಾರ್?" ಎಂದು ಅತ್ತೆಯ ಎದುರೇ ಕೇಳಿ. ಉತ್ತರ ಡಾಕ್ಟರ ಬಾಯಿಂದ ಬರಲಿ. ಚಿಕಿತ್ಸೆ ಎಷ್ಟು ದಿನ, ಯಾಕೆ ನಿಲ್ಲಿಸಬಾರದು ಅನ್ನುವುದನ್ನೂ ಅಲ್ಲೇ ಕೇಳಿಬಿಡಿ. ಮನೆಯಲ್ಲಿ ತೀರ್ಮಾನ ಯಾರು ಮಾಡುತ್ತಾರೋ ಅವರ ಕಿವಿಗೆ ಅದು ಬೀಳಬೇಕು.

ನಾಟಿ ಔಷಧಿಯ ಮಾತು ಬಂದೇ ಬರುತ್ತದೆ. ಮಲೆನಾಡಿನ ಕಡೆಯ ತೊಗಟೆ ಕಷಾಯ, ರಕ್ತಸ್ರಾವ ತಡೆಯುವ ಪ್ಲೇಟ್ಲೆಟ್ ಕಣ ಏರಲಿ ಎಂದು ಪಪ್ಪಾಯಿ ಎಲೆಯ ರಸ, ಅಮೃತಬಳ್ಳಿ. ಮೂಢನಂಬಿಕೆ ಎಂದು ಬೈದರೆ ಕೆಲಸ ಆಗುವುದಿಲ್ಲ, ಗುಟ್ಟಾಗಿ ಕುಡಿಸುತ್ತಾರೆ ಅಷ್ಟೇ. ಕಾರಣ ಹೇಳಿ. ಮಗು ತೆಗೆದುಕೊಳ್ಳುವ ಕೀಮೊ ಔಷಧಿಗಳಲ್ಲಿ ಹಲವು ಲಿವರಿಗೆ ಹೊರೆ. ಅದರ ಮೇಲೆ ಕಷಾಯವೂ ಬಿದ್ದು ಲಿವರ್ ಪರೀಕ್ಷೆ ಏರುಪೇರಾದರೆ, ಡಾಕ್ಟರ್ ಕೀಮೊವನ್ನೇ ಕಡಿಮೆ ಮಾಡಬೇಕು ಇಲ್ಲವೇ ಮುಂದೆ ಹಾಕಬೇಕು. ನಷ್ಟ ಮಗುವಿಗೆ. ಹರಕೆ, ಪೂಜೆ, ದೃಷ್ಟಿ ತೆಗೆಯುವುದು ಯಾವುದಕ್ಕೂ ಅಡ್ಡಿಯಿಲ್ಲ, ಅಜ್ಜಿಯ ಮನಸ್ಸಿಗೂ ಸಮಾಧಾನ. ತೀರ್ಥ, ಪಂಚಾಮೃತ ಮಾತ್ರ ಬಾಯಿಗೆ ಬೇಡ. ಕಾಯಿಸದ ನೀರು, ಹಸಿ ಹಾಲು ಈ ಮಕ್ಕಳಿಗೆ ಆಗುವುದಿಲ್ಲ.

ಇನ್ನು ನಿಮ್ಮ ಮನೆಯಲ್ಲಿರುವ ಹುಡುಗಿ. ನನಗೆ ಕೇಳಿದರೆ, ಈ ಎರಡು ವರ್ಷದಲ್ಲಿ ನೀವು ಮಾಡುವ ಅತಿ ದೊಡ್ಡ ಕೆಲಸ ಅವಳನ್ನು ನೋಡಿಕೊಳ್ಳುವುದೇ. ಎಂಟು ವರ್ಷದವಳಿಗೆ ಎಲ್ಲ ಗೊತ್ತಾಗುತ್ತದೆ. ಅವಳು ಬಂದ ಕೂಡಲೇ ದೊಡ್ಡವರು ಮಾತು ನಿಲ್ಲಿಸುವುದೂ ಗೊತ್ತಾಗುತ್ತದೆ. ಹೇಳದೆ ಬಿಟ್ಟದ್ದನ್ನು ಅವಳೇ ಕಟ್ಟಿಕೊಳ್ಳುತ್ತಾಳೆ. "ನಾನು ಅವನನ್ನು ಉಯ್ಯಾಲೆಯಿಂದ ತಳ್ಳಿದ್ದೆ, ಅದಕ್ಕೇ ಬಂತಾ?" ಎಂದು ಈ ವಯಸ್ಸಿನ ಅಕ್ಕ ಅಣ್ಣಂದಿರು ಮನಸ್ಸಿನಲ್ಲೇ ಕೊರಗುವುದು ತೀರಾ ಸಾಮಾನ್ಯ. ಅವಳು ಕೇಳುವ ತನಕ ಕಾಯದೆ ನೀವೇ ಹೇಳಿ. "ತಮ್ಮನಿಗೆ ರಕ್ತದ ಕಾಯಿಲೆ ಬಂದಿದೆ, ಅದರ ಹೆಸರು ಲ್ಯುಕೇಮಿಯಾ. ಯಾರು ತಳ್ಳಿದ್ದರಿಂದಲೂ, ಬೈದದ್ದರಿಂದಲೂ ಬಂದದ್ದಲ್ಲ. ನಿನಗೆ ಅಂಟುವುದಿಲ್ಲ. ಅಮ್ಮ ಅಲ್ಲಿರುವುದು ಅವನ ಮೇಲೆ ಪ್ರೀತಿ ಜಾಸ್ತಿ ಅಂತ ಅಲ್ಲ, ಅವನಿಗೆ ಔಷಧಿ ಕೊಡಿಸಬೇಕು ಅಂತ." ಸಾಯುತ್ತಾನಾ ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ. "ಈ ಕಾಯಿಲೆಗೆ ಒಳ್ಳೆಯ ಔಷಧಿ ಇದೆ, ತುಂಬಾ ಮಕ್ಕಳು ವಾಸಿಯಾಗುತ್ತಾರೆ. ಅವನಿಗೂ ವಾಸಿಯಾಗಲಿ ಅಂತಲೇ ಎಲ್ಲರೂ ಓಡಾಡುತ್ತಿರುವುದು" ಎಂದು ಹೇಳಿ. ಅದು ಸುಳ್ಳಲ್ಲ.

"ನೀನು ಜಾಣೆ, ಅಳಬಾರದು" ಎಂದು ದಿನಾ ಹೇಳಿದರೆ ಅವಳು ನಿಜಕ್ಕೂ ಅಳುವುದಿಲ್ಲ. ಹೊಟ್ಟೆನೋವು ಅನ್ನುತ್ತಾಳೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ಲೆಕ್ಕದಲ್ಲಿ ಹಿಂದೆ ಬೀಳುತ್ತಾಳೆ. ಕ್ಲಾಸ್ ಟೀಚರಿಗೆ ವಿಷಯ ಹೇಳಿಡಿ. ಅಮ್ಮನ ಫೋನಿಗೆ ಒಂದು ಗೊತ್ತಾದ ಹೊತ್ತು ಇರಲಿ. ಆ ಹತ್ತು ನಿಮಿಷ ತಮ್ಮನ ಸುದ್ದಿ ಬೇಡ, ಬರೀ ಅವಳದ್ದೇ ಮಾತು. ತಮ್ಮನಿಗೆ ಆಟಿಕೆ ತರುವ ನೆಂಟರಿಗೆ ಸುಮ್ನೆ ಕಿವಿಯಲ್ಲಿ ಒಂದು ಮಾತು ಹಾಕಿ: ಅವಳಿಗೂ ಒಂದು ಪುಸ್ತಕವೋ ಕ್ಲಿಪ್ಪೋ ಇರಲಿ. ರಜೆಯಲ್ಲಿ ಒಂದು ಸಲ ಕರೆದುಕೊಂಡು ಹೋಗಿ ತಮ್ಮನನ್ನು ತೋರಿಸಿ. ವಾರ್ಡಿನೊಳಗೆ ಮಕ್ಕಳನ್ನು ಬಿಡದಿದ್ದರೆ ಹೊರಗೆ ಧರ್ಮಶಾಲೆಯಲ್ಲಿ ಭೇಟಿಯಾಗಲಿ. ಅವನ ತಲೆಯಲ್ಲಿ ಕೂದಲಿಲ್ಲ, ಮುಖ ಊದಿದೆ ಎಂದು ಮೊದಲೇ ಹೇಳಿ ಕರೆದುಕೊಂಡು ಹೋಗಿ. ಊರಲ್ಲಿ ಯಾರಾದರೂ "ಮುಡಿ ಕೊಟ್ರಾ?" ಎಂದು ಕೇಳಿದರೆ ಏನು ಹೇಳಬೇಕು ಅನ್ನುವುದನ್ನೂ ಅವಳ ಜೊತೆ ಮಾತಾಡಿಕೊಳ್ಳಿ. ಹೂಂ ಎಂದು ಮುಂದೆ ಹೋಗಬೇಕು ಅನಿಸಿದರೆ ಹೋಗಲಿ ಬಿಡಿ.

ಪುಟ್ಟನ ಹತ್ತಿರವೂ ಸುಳ್ಳು ಬೇಡ. "ಚುಚ್ಚೋದಿಲ್ಲ" ಎಂದು ಹೇಳಿ ಚುಚ್ಚಿಸಿದರೆ ಮುಂದಿನ ಸಲ ಆಸ್ಪತ್ರೆಯ ಗೇಟಿನಲ್ಲೇ ಅಳು ಶುರು. "ಒಂದು ಸಲ ನೋಯುತ್ತದೆ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ, ಮಾಮ ಕೈ ಹಿಡಿದಿರುತ್ತೇನೆ" ಎಂದರೆ ಸಾಕು. "ಊಟ ಮಾಡದಿದ್ದರೆ ಡಾಕ್ಟರ್ ಸೂಜಿ ಚುಚ್ಚುತ್ತಾರೆ" ಎಂದು ಹೆದರಿಸುವುದು ನಮ್ಮ ಮನೆಗಳ ಹಳೇ ಚಾಳಿ. ಈ ಮಗುವಿನ ಮುಂದೆ ಅದನ್ನು ಪೂರ್ತಿ ಬಿಡಿ. ಸೂಜಿ ತಪ್ಪಿಗೆ ಶಿಕ್ಷೆ ಎಂದು ಅವನು ನಂಬಿಬಿಡುತ್ತಾನೆ.

ರಕ್ತದ ಪ್ರಶ್ನೆಗೆ ಬರುತ್ತೇನೆ. ನೀವು ಸೋದರಮಾವ. ಗುಂಪು ಒಂದೇ ಆದರೂ ನಿಮ್ಮ ರಕ್ತವನ್ನು ನೇರವಾಗಿ ಮಗುವಿಗೆ ಹಾಕುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಹತ್ತಿರದ ರಕ್ತಸಂಬಂಧಿಗಳ ಬಿಳಿ ಕಣಗಳನ್ನು ಮಗುವಿನ ದೇಹ ಹೊರಗಿನವು ಎಂದು ಗುರುತಿಸದೆ ಹೋಗಬಹುದು. ಆಗ ಅವು ಅಲ್ಲೇ ಬೇರೂರಿ ಮಗುವಿನ ದೇಹದ ಮೇಲೇ ದಾಳಿ ಮಾಡುವ ಅಪಾಯ ಇದೆ. ಅಪರೂಪ, ಆದರೆ ಹಾಗೇನಾದರೂ ಆಗಿಬಿಟ್ಟರೆ ಉಳಿಸುವುದು ಕಷ್ಟ. ಮುಂದೆ ಯಾವತ್ತಾದರೂ ಬೋನ್ ಮ್ಯಾರೋ ಕಸಿ ಬೇಕಾದರೆ ಅದಕ್ಕೂ ಮನೆಯವರ ರಕ್ತ ಮೊದಲೇ ಹಾಕಿರುವುದು ಒಳ್ಳೆಯದಲ್ಲ. ಹಾಗಂತ ನೀವು ಕೊಡಬೇಡಿ ಎಂದಲ್ಲ. ಬ್ಲಡ್ ಬ್ಯಾಂಕಿನಲ್ಲಿ "ನಾನು ಮಗುವಿನ ಸೋದರಮಾವ" ಎಂದು ಹೇಳಿ ಕೊಡಿ. ನಿಮ್ಮದು ಬೇರೆಯವರಿಗೆ ಹೋಗುತ್ತದೆ, ಬೇರೆಯವರದ್ದು ಪುಟ್ಟನಿಗೆ ಬರುತ್ತದೆ.

ರಕ್ತಕ್ಕಿಂತ ಪ್ಲೇಟ್ಲೆಟ್ಟಿಗೇ ಒದ್ದಾಟ ಜಾಸ್ತಿ. ಅದು ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಹಾಗಾಗಿ ಕೊಡುವವರು ಬೆಂಗಳೂರಿನಲ್ಲೇ ಸಿಗಬೇಕು. ನಿಮ್ಮೂರಿನ ಹುಡುಗರು ಅಲ್ಲಿ ಓದುತ್ತಾ, ಕೆಲಸ ಮಾಡುತ್ತಾ ಇರುತ್ತಾರಲ್ವಾ? ಅವರದ್ದೊಂದು ಪಟ್ಟಿ ಮಾಡಿ. ಹೆಸರು, ಗುಂಪು, ಫೋನ್, ಕೊನೆಯ ಸಲ ಕೊಟ್ಟ ತಾರೀಖು. ಮೆಷಿನ್ನಿಗೆ ಕೂತು ಬರೀ ಪ್ಲೇಟ್ಲೆಟ್ ಕೊಡುವ ಎಸ್‌ಡಿಪಿಗೆ ಒಂದೆರಡು ಗಂಟೆ ಹಿಡಿಯುತ್ತದೆ. ತೂಕ 50 ಕೆಜಿಗಿಂತ ಮೇಲಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು. ರಕ್ತ ಕೊಟ್ಟ ಗಂಡಸರು ಮೂರು ತಿಂಗಳು ಕಾಯಬೇಕು. ಪ್ಲೇಟ್ಲೆಟ್ ಹಾಗಲ್ಲ, ಒಬ್ಬರೇ ಬೇಗನೇ ಮತ್ತೆ ಕೊಡಬಹುದು. ಈ ಪಟ್ಟಿ ನಿಮ್ಮ ಫೋನಿನಲ್ಲಿರಲಿ, ಅಕ್ಕನ ಫೋನಿನಲ್ಲಲ್ಲ. "ಪ್ಲೇಟ್ಲೆಟ್ ಬೇಕು" ಎಂದು ಅವಳು ನಿಮಗೊಂದು ಮೆಸೇಜ್ ಹಾಕಿದರೆ ಉಳಿದದ್ದು ನಿಮ್ಮ ಕೆಲಸ.

ದುಡ್ಡಿನ ಮಾತು ಚುಟುಕಾಗಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ 100ಕ್ಕೆ 30 ಭಾಗ, ಒಟ್ಟು ಒಂದೂವರೆ ಲಕ್ಷದವರೆಗೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿ ಟಿಕೆಟ್ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಭಾಗ ಮಾಫಿ. ಅದಕ್ಕೆ ಆಸ್ಪತ್ರೆಯಲ್ಲಿ ಫಾರಂ ತುಂಬಿಸಿಕೊಂಡು ಕೌಂಟರಿಗೆ ಹೋಗಬೇಕು. ಇದೆಲ್ಲ ಸಿಕ್ಕರೂ ಮನೆ ಸೋರುವುದು ಬೇರೆ ಕಡೆ. ಊಟ, ಆಟೋ, ಹೊರಗೆ ಬರೆದುಕೊಟ್ಟ ಪರೀಕ್ಷೆ, ಮುಚ್ಚಿದ ಅಂಗಡಿಯ ನಷ್ಟ, ಹುಡುಗಿಯ ಫೀಸು. ನೆಂಟರು ದುಡ್ಡು ಕೊಡುವುದಾದರೆ ಒಂದೇ ಸಲ ಲಕೋಟೆ ಕೊಡುವುದಕ್ಕಿಂತ ಪ್ರತಿ ತಿಂಗಳು ಐದನೇ ತಾರೀಖಿಗೆ ಇಷ್ಟು ಎಂದು ಅಕ್ಕನ ಖಾತೆಗೆ ಹಾಕುವುದು ಎಷ್ಟೋ ಮೇಲು. ಭಾವನಿಗೆ ಬಿತ್ತನೆ ಕಾಲದಲ್ಲಿ ಅಂಗಡಿಗೆ ಒಬ್ಬ ಆಳು ಹಾಕಿಕೊಟ್ಟರೂ ಅದು ಚಿಕಿತ್ಸೆಗೆ ಕೊಟ್ಟ ಹಾಗೇ. ಮಗುವಿನ ಬೋಳು ತಲೆಯ ಫೋಟೋ ಹಾಕಿ ಸ್ಟೇಟಸ್ಸಿನಲ್ಲಿ ದುಡ್ಡು ಕೇಳಬೇಡಿ. ಅವನು ನಾಳೆ ದೊಡ್ಡವನಾಗಿ ಅದೇ ಊರಲ್ಲಿ ಓಡಾಡಬೇಕು.

ಸುದ್ದಿ ಕೇಳುವ ಫೋನುಗಳನ್ನೆಲ್ಲ ನಿಮ್ಮ ಕಡೆ ತಿರುಗಿಸಿಕೊಳ್ಳಿ. ವಾರಕ್ಕೆ ಎರಡು ಸಲ ಮನೆಯವರ ಗ್ರೂಪಿನಲ್ಲಿ ನಾಲ್ಕು ಸಾಲು ಹಾಕಿ. ಇಪ್ಪತ್ತು ಜನರಿಗೆ ಕೌಂಟ್ (ರಕ್ತದ ಕಣಗಳ ಲೆಕ್ಕ) ಎಷ್ಟು ಎಂದು ಹೇಳುವ ಕೆಲಸ ಅಕ್ಕನಿಗೆ ತಪ್ಪಲಿ.

ಈಗ ದೀಪಾವಳಿ. ಕರೆಸಬಹುದಾ ಅನ್ನುವುದು ಹಬ್ಬದ ತಾರೀಖಿನ ಮೇಲಲ್ಲ, ಅವತ್ತಿನ ಕೌಂಟಿನ ಮೇಲೆ ನಿಂತಿದೆ. ಈ ಹಂತದಲ್ಲಿ ಕೀಮೊ ಕೊಟ್ಟ ಮೇಲೆ ಸೋಂಕು ತಡೆಯುವ ಬಿಳಿ ಕಣ ಇಳಿಯುತ್ತದೆ, ಮತ್ತೆ ಏರುತ್ತದೆ. ಇಳಿದ ದಿನಗಳಲ್ಲಿ ಪ್ರಯಾಣ, ಜನ ಎರಡೂ ಬೇಡ. ಡಾಕ್ಟರ ಹತ್ತಿರ ಹೊರಡುವ ಎರಡು ದಿನ ಮೊದಲು ಕೇಳಿ, ಬೇಡ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಹಬ್ಬಕ್ಕಾಗಿ ಕೀಮೊ ತಾರೀಖು ಮುಂದೆ ಹಾಕಿಸುವುದಂತೂ ಬೇಡವೇ ಬೇಡ. ಮೇಂಟೆನೆನ್ಸಿನಲ್ಲಿ ದಿನಾ ಕೊಡುವ 6-ಎಂಪಿ ಮಾತ್ರೆಯ ಬಗ್ಗೆ ಅಮೆರಿಕದಲ್ಲಿ ಅಧ್ಯಯನ ಆಗಿದೆ. 100ರಲ್ಲಿ ಐದಕ್ಕಿಂತ ಹೆಚ್ಚು ಡೋಸ್ ತಪ್ಪಿಸಿದ ಮಕ್ಕಳಲ್ಲಿ ಕಾಯಿಲೆ ಮರಳುವುದು ಜಾಸ್ತಿ ಎಂದು ಅದರಲ್ಲಿ ಕಂಡಿದೆ. ಹಬ್ಬಕ್ಕೊಂದು, ಮದುವೆಗೊಂದು ಎಂದು ಬಿಡುತ್ತಾ ಹೋದರೆ ಐದು ಆಗಲು ಎಷ್ಟು ಹೊತ್ತು? ಇನ್ನೊಂದು ಮಾತ್ರೆ ಇದೆ, ಮೆಥೋಟ್ರೆಕ್ಸೇಟ್. ಅದು ವಾರಕ್ಕೆ ಒಂದೇ ದಿನ. ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಮುಂದೆ ಅವನು ಊರಿನಲ್ಲಿರುವಾಗ ಮಾತ್ರೆ ಕೊಡುವವರು ಯಾರೇ ಇರಲಿ, ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಕೆಂಪು ಗುರುತು ಹಾಕಿ ಕೊಡಲಿ.

ಡಾಕ್ಟರ್ ಒಪ್ಪಿದರೆ ಬರಲಿ, ನಾಲ್ಕು ದಿನ ಅಕ್ಕನಿಗೂ ಉಸಿರಾಡಿದ ಹಾಗಾಗುತ್ತದೆ. ಮನೆಗೆ ಬರುವ ನೆಂಟರನ್ನು ಮಾತ್ರ ಕಡಿಮೆ ಮಾಡಿ. ನೋಡಲು ಬರುವವರು ಬಾಗಿಲಲ್ಲೇ ಕೈ ತೊಳೆದು, ಮಾಸ್ಕ್ ಹಾಕಿ ಎರಡು ನಿಮಿಷ ನೋಡಿ ಹೋಗಲಿ, ಮುದ್ದಾಟ ಬೇಡ. ಪಟಾಕಿ ಹೊಗೆಯ ಹೊತ್ತಿಗೆ ಒಳಗಿನ ಕೋಣೆಯಲ್ಲಿರಲಿ, ಹಣತೆ ಹಚ್ಚಲಿ. ಹೋಳಿಗೆ ಬಿಸಿಬಿಸಿ ಮಾಡಿ ಕೊಡಿ, ಯಾವ ಅಡ್ಡಿಯೂ ಇಲ್ಲ. ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಅಂಗಡಿಯ ಸಿಹಿ ಬೇಡ. ಬೀದಿಯಲ್ಲಿ, ಶಾಲೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್, ಊರಲ್ಲಿ ಅಮ್ಮ ಅನ್ನುತ್ತಾರಲ್ಲ ಅದು, ಇಲ್ಲವೇ ದಡಾರ ಎದ್ದಿದೆಯಾ ಎಂದು ಮೊದಲೇ ವಿಚಾರಿಸಿ. ಎದ್ದಿದ್ದರೆ ಈ ಸಲ ಬರುವುದು ಬೇಡ. ಬಂದ ಮೇಲೆ ಅಂಥ ಮಗುವಿನ ಜೊತೆ ಆಡಿದ ಎಂದು ಗೊತ್ತಾದರೆ ಮೈಮೇಲೆ ಗುಳ್ಳೆ ಏಳುವ ತನಕ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ತಡೆಯಲು ಕೊಡುವ ಔಷಧಿಗೆ ದಿನಗಳ ಲೆಕ್ಕ ಇದೆ. ಮನೆಯಲ್ಲಿ ಐದು ವರ್ಷದೊಳಗಿನ ಬೇರೆ ಮಗು ಇದ್ದರೆ, ಅದಕ್ಕೆ ಪೋಲಿಯೋ ಹನಿ ಹಾಕಿಸುವ ಮೊದಲೂ ಪುಟ್ಟನ ಡಾಕ್ಟರನ್ನು ಕೇಳಿ. ಆ ಹನಿಯಲ್ಲಿ ಜೀವಂತ ವೈರಸ್ ಇರುತ್ತದೆ, ಮಲದಲ್ಲಿ ಕೆಲವು ವಾರ ಹೊರಬರುತ್ತದೆ. ಇಂಥ ಮನೆಗಳಲ್ಲಿ ಹನಿಯ ಬದಲು ಇಂಜೆಕ್ಷನ್ ಕೊಡಿಸುವುದುಂಟು.

ಊರಿನಲ್ಲಿರುವಾಗ ಜ್ವರ ಬಂದರೆ ಏನು ಮಾಡಬೇಕು ಅನ್ನುವುದು ಬರುವ ಮೊದಲೇ ಮನೆಯವರೆಲ್ಲರಿಗೂ ಬಾಯಿಪಾಠ ಆಗಿರಬೇಕು. ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿ ಇಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು, ರಾತ್ರಿ ಎಷ್ಟೇ ಹೊತ್ತಾಗಿರಲಿ. ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಜ್ವರ ಇಳಿದ ಹಾಗೆ ಕಾಣುತ್ತದೆ, ಒಳಗೆ ಸೋಂಕು ರಕ್ತಕ್ಕೆ ಹಬ್ಬುತ್ತಿರುತ್ತದೆ. ಓಣಿಯ ಡಾಕ್ಟರ ಹತ್ತಿರ ಕುಂಡೆಗೆ ಇಂಜೆಕ್ಷನ್ ಹಾಕಿಸಬೇಡಿ. ಪ್ಲೇಟ್ಲೆಟ್ ಕಡಿಮೆಯಿದ್ದರೆ ಆ ಜಾಗದಲ್ಲಿ ರಕ್ತ ಕಟ್ಟುತ್ತದೆ. ಬ್ರುಫೆನ್, ಆಸ್ಪಿರಿನ್ ಕೂಡ ಬೇಡ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಬೀಳಬೇಕು, ಗುರಿ ಅದು. ಅಷ್ಟು ದೂರದ ಬೆಂಗಳೂರಿಗೆ ಜ್ವರದಲ್ಲಿ ಹೊರಟರೆ ಆ ಹೊತ್ತು ದಾರಿಯಲ್ಲೇ ಕಳೆಯುತ್ತದೆ. ಅದಕ್ಕೇ ಹೊರಡುವ ಮೊದಲು ಅಕ್ಕ ವಾರ್ಡಿನಲ್ಲಿ ಒಂದು ಪತ್ರ ಬರೆಸಿಕೊಳ್ಳಲಿ. ಕಾಯಿಲೆಯ ಹೆಸರು, ಯಾವ ಹಂತ, ಕೊನೆಯ ಕೀಮೊ ಯಾವಾಗ, ಕೊನೆಯ ಕೌಂಟ್ ಎಷ್ಟು, ಜ್ವರ ಬಂದರೆ ಯಾವ ಔಷಧಿ ಶುರು ಮಾಡಬೇಕು, ವಾರ್ಡಿನ ಫೋನ್ ನಂಬರ್. ನಿಮಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು ದಾವಣಗೆರೆಯಲ್ಲಿವೆ. ಹಬ್ಬಕ್ಕೆ ಮೊದಲೇ ಒಂದು ದಿನ ನೀವು ಅಲ್ಲಿಗೆ ಹೋಗಿ, ರಾತ್ರಿ ಹೊತ್ತು ಮಕ್ಕಳ ಡಾಕ್ಟರ್ ಇರುವುದು ಎಲ್ಲಿ, ಇಂಥ ಮಗುವನ್ನು ತಕ್ಷಣ ಸೇರಿಸಿಕೊಳ್ಳುತ್ತಾರಾ ಎಂದು ವಿಚಾರಿಸಿ ಬನ್ನಿ. ಕಾರು ಯಾರದ್ದು, ಓಡಿಸುವವರು ಯಾರು ಅನ್ನುವುದೂ ಆ ನಾಲ್ಕು ರಾತ್ರಿಗೆ ಗೊತ್ತಾಗಿರಲಿ. ಪತ್ರದ ಒಂದು ಫೋಟೋ ನಿಮ್ಮ ಫೋನಿನಲ್ಲಿ, ಇನ್ನೊಂದು ಭಾವನ ಫೋನಿನಲ್ಲಿ ಇರಬೇಕು.